ಆಟಗಾರ್ತಿ ಲಿಲಿ ಪಾರ್ ಇವಳ ಜೀವನಚರಿತ್ರೆ

ಸ್ಮರಣಸಂಚಿಕೆಯಲ್ಲಿ ಮಹಾಸ್ತ್ರೀಯೊಬ್ಬಳ ಜೀವನಚರಿತ್ರೆಯನ್ನು ಅಚ್ಚು ಹಾಕಿಸುವುದು ನಮ್ಮ ಶಾಲೆಯ ವಾಡಿಕೆಯಾಗಿದೆ. ಪಂಡಿತಾ ರಮಾಬಾಯಿ, ಫ್ಲಾರೆನ್ಸ್ ನೈಟಿಂಗೇಲ್ ಮೊದಲಾದವರ ಚರಿತ್ರೆಗಳನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಇಂಥ ಪುಟಗಳಲ್ಲಿಯೇ ಓದಿ ಬೆಳೆದವರು. ಈ ಸಲ ನಾವು ಆರಿಸಿಕೊಂಡವಳು ಗ್ರಂಥವನ್ನು ಬರೆಯಲಿಲ್ಲ, ಆಶ್ರಮವನ್ನು ಕಟ್ಟಲಿಲ್ಲ. ಆಕೆ ಕಾಲ್ಚೆಂಡಾಡಿದಳು. ಮೂವತ್ತು ವರ್ಷಗಳ ಕಾಲ ಫುಟ್‌ಬಾಲ್ ಆಡಿ, ಒಂಬೈನೂರಕ್ಕೂ ಮೀರಿ ಗೋಲು ಹೊಡೆದಳು. ಆಟದ ಮಾತಿಗೆ ಇಷ್ಟು ಪುಟಗಳೇಕೆಂದು ಕೆಲವು ತಾಯಿತಂದೆಗಳಿಗೆ ಅನಿಸಬಹುದು. ಅವರು ದಯವಿಟ್ಟು ಕಡೆಯವರೆಗೆ ಓದಬೇಕೆಂದು ಬೇಡಿಕೊಳ್ಳುತ್ತೇವೆ. ಏಕೆಂದರೆ ಇದನ್ನು ವಿಶೇಷವಾಗಿ ಅವರಿಗಾಗಿಯೇ ಬರೆದಿದ್ದೇವೆ.

ಲಿಲಿ ಪಾರ್ ೧೯೦೫ನೆಯ ಇಸವಿ ಎಪ್ರಿಲ್ ೨೬ನೆಯ ತಾರೀಖಿಗೆ ಇಂಗ್ಲೆಂಡಿನ ಲ್ಯಾಂಕಶೈರ್ ಪ್ರಾಂತದ ಸೇಂಟ್ ಹೆಲೆನ್ಸ್ ಎಂಬ ಊರಿನಲ್ಲಿ ಜನಿಸಿದಳು. ಅದು ಕಲ್ಲಿದ್ದಲಿನ ಗಣಿಗಳ ಮತ್ತು ಗಾಜಿನ ಕಾರಖಾನೆಗಳ ಊರು. ತಂದೆಯಾದ ಜಾರ್ಜ್ ಪಾರ್ ಇಂಥ ಒಂದು ಗಾಜಿನ ಕಾರಖಾನೆಯಲ್ಲಿ ಕೂಲಿಕಾರನಾಗಿದ್ದನು. ತಾಯಿಯ ಹೆಸರು ಸಾರಾ. ಏಳು ಮಕ್ಕಳಲ್ಲಿ ಲಿಲಿ ನಾಲ್ಕನೆಯವಳು. ಬಾಡಿಗೆಯ ಮನೆ, ಬಿಗಿಯಾದ ಸಂಸಾರ, ತಿನ್ನುವ ಬಾಯಿಗಳು ಬಹಳ. ನಮ್ಮ ಸೀಮೆಯ ಬಡ ಒಕ್ಕಲಿನ ಮನೆಯಲ್ಲಿ ಕಾಣುವ ಕಷ್ಟವೇ ಅಲ್ಲಿಯೂ ಇದ್ದಿತು. ಹೊಲದ ಬದಲು ಹೊಗೆಗೊಳವೆಗಳಿದ್ದವು, ಅಷ್ಟೇ ಭೇದ.

ಹೊಲಿಗೆ ಅಡಿಗೆಗಳಿಗಿಂತಲೂ ಅಣ್ಣತಮ್ಮಂದಿರ ಆಟದ ಕಡೆಗೆ ಈ ಹುಡುಗಿಯ ಮನಸ್ಸು ಹೆಚ್ಚಾಗಿ ಹರಿಯುತ್ತಿತ್ತು. ಮನೆಯ ಸಮೀಪದ ಪಾಳು ಬಯಲಿನಲ್ಲಿ ಅವರೊಡನೆ ಫುಟ್‌ಬಾಲನ್ನೂ ರಗ್ಬಿ ಆಟವನ್ನೂ ಆಡಿ ಆಡಿ, ಎಡಗಾಲಿನಿಂದ ಚೆಂಡನ್ನು ಬಹು ದೂರಕ್ಕೆ ಒದೆಯುವ ಬಲವನ್ನು ಗಳಿಸಿಕೊಂಡಳು. ಆಕೆಗೆ ಕಲಿಸಿದ ಗುರುವೆಂದರೆ ಈ ಬಯಲೇ. ಅಣ್ಣತಮ್ಮಂದಿರು ಆಕೆಯನ್ನು ಹೊರಗೆ ನಿಲ್ಲಿಸದೆ ಆಟದೊಳಗೆ ಸೇರಿಸಿಕೊಂಡರೆಂಬುದನ್ನು ವಾಚಕರು ಲಕ್ಷ್ಯದಲ್ಲಿಟ್ಟುಕೊಳ್ಳಬೇಕು. ಅವರು ಅಷ್ಟು ಮಾಡದಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ.

ಇಷ್ಟರಲ್ಲಿ ೧೯೧೪ರಲ್ಲಿ ಮೊದಲನೆಯ ಮಹಾಯುದ್ಧವು ಆರಂಭವಾಯಿತು. ಗಂಡಸರು ಲಕ್ಷಗಟ್ಟಲೆ ರಣರಂಗಕ್ಕೆ ಹೊರಟುಹೋದರು. ಅವರು ಬಿಟ್ಟುಹೋದ ಕೆಲಸಗಳಿಗೆ ಹೆಂಗಸರು ಬರಬೇಕಾಯಿತು. ಸೇಂಟ್ ಹೆಲೆನ್ಸ್‌ನಂತೆಯೇ ಲ್ಯಾಂಕಶೈರಿಗೆ ಸೇರಿದ ಪ್ರೆಸ್ಟನ್ ಎಂಬ ಪಟ್ಟಣದಲ್ಲಿ ಡಿಕ್, ಕರ್ ಎಂಬ ಕಂಪನಿಯ ದೊಡ್ಡ ಕಾರಖಾನೆಯಿದ್ದಿತು. ಮೊದಲು ಟ್ರಾಮ್ ಗಾಡಿಗಳು ತಯಾರಾಗುತ್ತಿದ್ದ ಅಲ್ಲಿ ಯುದ್ಧಕಾಲದಲ್ಲಿ ಮದ್ದುಗುಂಡುಗಳ ಕೆಲಸ ನಡೆಯಹತ್ತಿತು. ಅಲ್ಲಿಯ ಹೆಣ್ಣುಮಕ್ಕಳು ಬಿಡುವಿನ ವೇಳೆಯಲ್ಲಿ ಅಂಗಳದಲ್ಲಿ ಚೆಂಡಾಡುತ್ತ ಆಡುತ್ತ ಒಂದು ತಂಡವನ್ನೇ ಕಟ್ಟಿಕೊಂಡರು. ೧೯೧೭ನೆಯ ಇಸವಿಯ ಕ್ರಿಸ್ತಜಯಂತಿಯ ದಿವಸ, ಗಾಯಗೊಂಡ ಸಿಪಾಯಿಗಳ ಆಸ್ಪತ್ರೆಗೆ ಹಣ ಕೂಡಿಸುವುದಕ್ಕಾಗಿ, ಪ್ರೆಸ್ಟನ್ನಿನ ಡೀಪ್‌ಡೇಲ್ ಮೈದಾನದಲ್ಲಿ ಅವರು ಮತ್ತೊಂದು ಕಾರಖಾನೆಯ ಹೆಂಗಸರೊಡನೆ ಪಂದ್ಯವಾಡಿದರು. ನೋಡಲು ಸುಮಾರು ೧೦,೦೦೦ ಜನರು ನೆರೆದರು. ಡಿಕ್ ಕರ್ ತಂಡವು ೪-೦ ರಿಂದ ಗೆದ್ದಿತು. ಕರ್ತನ ಜನನದ ದಿವಸ ಆಡಿದ ಆಟವು ರೋಗಿಗಳ ಮಂಚ ಔಷಧಗಳಿಗೆ ಸಲ್ಲುವಂತಾದುದು ನಮಗೆ ಬಹಳ ಒಪ್ಪಿಗೆಯಾದ ಸಂಗತಿ.

ಯುದ್ಧವು ಮುಗಿದ ಮೇಲೂ ಈ ಆಟವು ನಿಲ್ಲಲಿಲ್ಲ. ಊರೂರಿಗೆ ಸ್ತ್ರೀಯರ ತಂಡಗಳು ಹುಟ್ಟಿದವು. ಸೇಂಟ್ ಹೆಲೆನ್ಸ್‌ನಲ್ಲಿಯೂ ಒಂದು ತಂಡವಾಗಿ, ಹುಡುಗಿ ಲಿಲಿ ಅದರಲ್ಲಿ ಸೇರಿದಳು. ಅವಳ ತಂಡವು ಡಿಕ್ ಕರ್ ತಂಡದ ಎದುರು ಆಡಿದಾಗ ಆ ತಂಡದ ವ್ಯವಸ್ಥಾಪಕನಾದ ಆಲ್ಫ್ರೆಡ್ ಫ್ರ್ಯಾಂಕ್‌ಲಂಡನ ಕಣ್ಣು ಈ ಎತ್ತರದ ಹುಡುಗಿಯ ಮೇಲೆ ಬಿದ್ದಿತು. ಆತನು ಅವಳಿಗೆ ಪ್ರೆಸ್ಟನ್ನಿನ ಕಾರಖಾನೆಯಲ್ಲಿ ಕೆಲಸವನ್ನೂ, ಪಂದ್ಯವೊಂದಕ್ಕೆ ೧೦ ಶಿಲ್ಲಿಂಗು, ಎಂದರೆ ಅರ್ಧ ಪೌಂಡು, ಖರ್ಚಿನ ಹಣವನ್ನೂ ಕೊಡುವುದಾಗಿ ತಿಳಿಸಿದನು. ಆಗ ಆಕೆಗೆ ಹದಿನಾಲ್ಕೇ ವರ್ಷ. ತಂಡದಲ್ಲಿದ್ದ ಆಲಿಸ್ ನಾರಿಸ್ ಎಂಬವಳ ಮನೆಯಲ್ಲಿ ಇಳಿದುಕೊಂಡು ಆಕೆ ಪ್ರೆಸ್ಟನ್ನಿನಲ್ಲಿ ಬಾಳನ್ನು ಆರಂಭಿಸಿದಳು. ಹದಿನಾಲ್ಕು ವರ್ಷದ ಮಗಳನ್ನು ತಾಯಿತಂದೆಗಳು ಬೇರೆ ಊರಿಗೆ ಕಳುಹಿಸಿದುದು ಸಣ್ಣ ಮಾತಲ್ಲ. ಆದರೆ ಒಂದು ಮರ್ಯಾದೆಯ ಮನೆ, ಒಂದು ಉದ್ಯೋಗ ಮತ್ತು ಒಡನಾಡಿಗಳ ಕಾವಲು ಇದ್ದುದರಿಂದ ಅವರಿಗೆ ಧೈರ್ಯ ಬಂದಿರಬೇಕು.

ಆಟವನ್ನು ಕಾಣದ ವಾಚಕರಿಗಾಗಿ ಇಲ್ಲಿ ಎರಡು ಮಾತು ಹೇಳುವುದು ಅವಶ್ಯ. ಪ್ರತಿಯೊಂದು ಪಕ್ಷಕ್ಕೆ ಹನ್ನೊಂದು ಜನರಿರುವರು. ಎದುರು ಪಕ್ಷದ ಎರಡು ಕಂಬಗಳ ನಡುವೆ ಚೆಂಡನ್ನು ದಾಟಿಸಿದರೆ ಒಂದು ಗೋಲು. ಲಿಲಿ ಎಡಗಡೆಯ ಅಂಚಿನಲ್ಲಿ ಆಡುವವಳು. ಅಂಚಿನವರ ಕೆಲಸವೇನೆಂದರೆ, ಗೆರೆಯ ಗುಂಟ ಚೆಂಡನ್ನು ಕಾಲಿನಲ್ಲಿಯೇ ಆಡಿಸುತ್ತ ಓಡಿ, ಕಾವಲಿನವರನ್ನು ತಪ್ಪಿಸಿ, ಚೆಂಡನ್ನು ಮಧ್ಯದಲ್ಲಿರುವ ಒಡನಾಡಿಗಳಿಗೆ ಮುಟ್ಟಿಸುವುದು. ಸಂದು ಸಿಕ್ಕರೆ ತಾನೇ ಗೋಲು ಹೊಡೆಯುವುದು. ಆಗಿನ ಚೆಂಡು ದಪ್ಪ ತೊಗಲಿನದು. ಮಳೆ ಬಂದರೆ ನೀರು ಕುಡಿದು ಕಲ್ಲಿನಂತೆ ಭಾರವಾಗುತ್ತಿತ್ತು. ಅಂಥ ಚೆಂಡನ್ನು ಮೈದಾನದ ಅಂಚಿನಿಂದ ನಡುಮಧ್ಯಕ್ಕೆ ಎತ್ತಿ ಒದೆಯುವುದು ಬಲವಾದ ಗಂಡಸರಿಗೂ ಪ್ರಯಾಸವಾಗಿದ್ದಿತು. ಲಿಲಿ ಅದನ್ನು ಸಲೀಸಾಗಿ ಮಾಡುತ್ತಿದ್ದಳು. ಬೆಳೆದ ಮೇಲೆ ಆಕೆಯ ಎತ್ತರ ಆರು ಅಡಿಗೆ ಸಮೀಪ. ಮೊದಲನೆಯ ವರ್ಷದಲ್ಲಿಯೇ ಆಕೆ ೪೩ ಗೋಲುಗಳನ್ನು ಹೊಡೆದಳು.

ಮುಂದಿನ ಎರಡು ವರ್ಷಗಳು ಆ ತಂಡದ ಸುವರ್ಣಕಾಲವೆನ್ನಬಹುದು. ೧೯೨೦ರಲ್ಲಿ ಫ್ರಾನ್ಸ್ ದೇಶದ ಸ್ತ್ರೀಯರ ತಂಡವು ಇಂಗ್ಲೆಂಡಿಗೆ ಬಂದಿತು. ಡೀಪ್‌ಡೇಲಿನಲ್ಲಿ ನಡೆದ ಮೊದಲ ಪಂದ್ಯಕ್ಕೆ ೨೫,೦೦೦ ಜನರು ಕೂಡಿದರು. ಅದೇ ವರ್ಷ ಇವರೂ ಕಡಲು ದಾಟಿ ಫ್ರಾನ್ಸಿಗೆ ಹೋಗಿ ಆಡಿ ಬಂದರು. ಡಿಸೆಂಬರದಲ್ಲಿ ಕೆಲಸವಿಲ್ಲದ ಮಾಜಿ ಸಿಪಾಯಿಗಳ ಸಹಾಯಾರ್ಥವಾಗಿ ರಾತ್ರಿಯ ವೇಳೆ ಒಂದು ಪಂದ್ಯವನ್ನು ಏರ್ಪಡಿಸಲಾಯಿತು. ಆಗ ಮೈದಾನಗಳಲ್ಲಿ ವಿದ್ಯುದ್ದೀಪಗಳಿರಲಿಲ್ಲ. ಯುದ್ಧದಲ್ಲಿ ವಿಮಾನಗಳನ್ನು ಹುಡುಕಲು ಉಪಯೋಗಿಸುತ್ತಿದ್ದ ಎರಡು ದೊಡ್ಡ ಬೆಳಕಿನ ಯಂತ್ರಗಳನ್ನು ಸರಕಾರದಿಂದ ಕಡ ತಂದು ನಿಲ್ಲಿಸಿದರು. ಚೆಂಡು ಕಾಣಿಸಲೆಂದು ಅದಕ್ಕೆ ಬಿಳಿಯ ಬಣ್ಣ ಬಳಿದರು. ವಿಮಾನಗಳನ್ನು ಬೀಳಿಸುವುದಕ್ಕೆ ನೆರವಾದ ಬೆಳಕು ಹಸಿದವರ ಅನ್ನಕ್ಕೆ ನೆರವಾಯಿತು.

ಅದೇ ತಿಂಗಳ ೨೬ನೆಯ ತಾರೀಖಿಗೆ, ಕ್ರಿಸ್ತಜಯಂತಿಯ ಮರುದಿವಸ, ಲಿವರ್‌ಪೂಲ್ ನಗರದ ಗುಡಿಸನ್ ಪಾರ್ಕ್ ಮೈದಾನದಲ್ಲಿ ಡಿಕ್ ಕರ್ ತಂಡಕ್ಕೂ ಲಿಲಿಯ ಹುಟ್ಟೂರಾದ ಸೇಂಟ್ ಹೆಲೆನ್ಸ್ ತಂಡಕ್ಕೂ ಪಂದ್ಯವಾಯಿತು. ಒಳಗೆ ೫೩,೦೦೦ ಜನರು. ಸ್ಥಳ ಸಾಲದೆ ಹೊರಗೆ ಉಳಿದವರು ಇನ್ನೂ ಸಹಸ್ರಾರು. ಇಂಡಿ ಪಟ್ಟಣದ ಜನರೆಲ್ಲ ಮನೆಗಳಿಗೆ ಬೀಗ ಹಾಕಿಕೊಂಡು ಬಂದು ಕುಳಿತರೂ ಆ ಮೈದಾನವು ತುಂಬದೆಂದರೆ ವಾಚಕರಿಗೆ ಕಲ್ಪನೆ ಬಂದೀತು. ಡಿಕ್ ಕರ್ ತಂಡವು ೪-೦ ರಿಂದ ಗೆದ್ದಿತು. ಆ ದಿವಸ ಧರ್ಮಕಾರ್ಯಕ್ಕಾಗಿ ಕೂಡಿದ ಹಣ ೩,೦೦೦ ಪೌಂಡುಗಳಿಗೂ ಹೆಚ್ಚು. ಸ್ತ್ರೀಯರ ಆಟಕ್ಕೆ ಅಷ್ಟು ಜನರು ಇಂಗ್ಲೆಂಡಿನಲ್ಲಿ ಮತ್ತೆ ನೆರೆದುದು ತೊಂಬತ್ತು ವರ್ಷಗಳ ತರುವಾಯ, ೨೦೧೨ರ ಲಂಡನ್ ಒಲಿಂಪಿಕ್ ಕ್ರೀಡೆಗಳಲ್ಲಿ.

೧೯೨೧ರಲ್ಲಿ ತಂಡಕ್ಕೆ ಊರೂರುಗಳಿಂದ ಆಮಂತ್ರಣಗಳು ಬಂದವು. ಆ ಒಂದು ವರ್ಷದಲ್ಲಿಯೇ ಅವರು ಅರವತ್ತಕ್ಕೂ ಮಿಕ್ಕಿ ಪಂದ್ಯಗಳನ್ನಾಡಿದರು. ಇವರಾರೂ ಆಟವನ್ನೇ ಹೊಟ್ಟೆಪಾಡು ಮಾಡಿಕೊಂಡವರಲ್ಲ. ಕಾರಖಾನೆಯಲ್ಲಿ ಕೆಲಸ ಮಾಡಿ, ಉಳಿದ ಹೊತ್ತಿನಲ್ಲಿ ಪ್ರಯಾಣ ಮಾಡಿ ಆಡುವವರು. ಮೇ ತಿಂಗಳಲ್ಲಿ ಫ್ರಾನ್ಸಿನ ತಂಡವು ಮತ್ತೆ ಬಂದಾಗ ಇವರು ೫-೧ ರಿಂದ ಗೆದ್ದರು. ಆ ಐದು ಗೋಲುಗಳನ್ನೂ ಹದಿನಾರು ವರ್ಷದ ಲಿಲಿಯೊಬ್ಬಳೇ ಹೊಡೆದಳು. ಆ ವರ್ಷ ಕಲ್ಲಿದ್ದಲಿನ ಗಣಿಗಳ ಬಾಗಿಲು ಮುಚ್ಚಿ ಕೆಲಸಗಾರರ ಮನೆಗಳಲ್ಲಿ ಒಲೆ ಆರಿದಾಗ, ಆ ಮಕ್ಕಳ ಊಟಕ್ಕಾಗಿಯೂ ಸ್ತ್ರೀಯರ ತಂಡಗಳು ಆಡಿ ಹಣ ಕೂಡಿಸಿ ಕೊಟ್ಟವು.

ಇಷ್ಟು ಏರಿದುದೇ ಅವರಿಗೆ ವಿಪತ್ತಾಯಿತು. ೧೯೨೧ನೆಯ ಡಿಸೆಂಬರ ೫ನೆಯ ತಾರೀಖಿಗೆ ಇಂಗ್ಲೆಂಡಿನ ಫುಟ್‌ಬಾಲ್ ಸಂಘದವರು ಸಭೆ ಕೂಡಿ ಒಂದು ನಿರ್ಣಯ ಮಾಡಿದರು. ಈ ಆಟವು ಸ್ತ್ರೀಯರಿಗೆ ತಕ್ಕುದಲ್ಲವೆಂದೂ, ಕೂಡಿದ ಹಣದಲ್ಲಿ ಬಹಳ ಭಾಗವು ಖರ್ಚಿಗೇ ಹೋಗುತ್ತಿದೆಯೆಂದೂ ಕಾರಣ ಹೇಳಿ, ತಮ್ಮ ಸಂಘಕ್ಕೆ ಸೇರಿದ ಯಾವ ಮೈದಾನದಲ್ಲಿಯೂ ಸ್ತ್ರೀಯರ ಪಂದ್ಯಕ್ಕೆ ಎಡೆ ಕೊಡಕೂಡದೆಂದು ಅಪ್ಪಣೆ ಮಾಡಿದರು. ಕಟ್ಟೆಗಳಿದ್ದ, ಬೇಲಿಯಿದ್ದ, ಟಿಕೆಟು ಮಾರಬಹುದಾದ ಮೈದಾನಗಳು ಬಹುತೇಕ ಆ ಸಂಘದವರ ಕೈಯಲ್ಲಿಯೇ ಇದ್ದವು. ಆದುದರಿಂದ ಆಟವಾಡಬಾರದೆಂದು ಯಾರಿಗೂ ಹೇಳದೆಯೇ ಆಟವು ಸಾಯುವಂತೆ ಮಾಡಿದಂತಾಯಿತು. ಕೆಲವು ವೈದ್ಯರೂ ಹೆಣ್ಣಿನ ಶರೀರಕ್ಕೆ ಇದು ಕೇಡೆಂದು ಅಭಿಪ್ರಾಯ ಕೊಟ್ಟರು. ಅದೇ ಹೆಣ್ಣಿನ ಶರೀರವು ನಾಲ್ಕು ವರ್ಷಗಳ ಕಾಲ ಮದ್ದುಗುಂಡಿನ ಕಾರಖಾನೆಯಲ್ಲಿ ಹಗಲಿರುಳು ದುಡಿದಾಗ ಈ ಚಿಂತೆ ಇಷ್ಟು ಜೋರಾಗಿ ಕೇಳಿಬಂದಿರಲಿಲ್ಲವೆಂಬುದನ್ನು ನಾವು ಇಲ್ಲಿ ಹೇಳದಿರಲಾರೆವು.

ಈ ನಿರ್ಣಯದ ದೆಸೆಯಿಂದ ಅನೇಕ ತಂಡಗಳು ಒಂದೊಂದಾಗಿ ಮುಚ್ಚಿಹೋದವು. ಹುಡುಗಿಯರು ಮನೆಗೆ ಮರಳಿದರು. ಆದರೆ ಡಿಕ್ ಕರ್ ತಂಡದವರು ಬಿಡಲಿಲ್ಲ. ೧೯೨೨ರಲ್ಲಿ ಅವರು ಹಡಗು ಹತ್ತಿ ಅಮೇರಿಕೆಯ ಕಡೆಗೆ ಹೊರಟರು. ಮೊದಲು ಕೆನಡಾ ದೇಶದಲ್ಲಿ ಆಡುವ ಉದ್ದೇಶವಿದ್ದಿತು. ಅಲ್ಲಿಯ ಸಂಘದವರೂ ಅನುಮತಿಯನ್ನು ಕೊಡಲಿಲ್ಲ. ಸಂಯುಕ್ತ ಸಂಸ್ಥಾನಗಳಲ್ಲಿಯಾದರೋ ಎದುರಿಗೆ ಆಡಲು ಸ್ತ್ರೀಯರ ತಂಡಗಳೇ ಇರಲಿಲ್ಲ. ಆಗ ಅವರು ಹಿಂಜರಿಯದೆ ಗಂಡಸರ ತಂಡಗಳೊಡನೆ ಆಡಿದರು. ಕೆಲವು ಪಂದ್ಯಗಳನ್ನು ಸೋತರು, ಕೆಲವನ್ನು ಸರಿಸಮ ಮಾಡಿದರು, ಕೆಲವನ್ನು ಗೆದ್ದೂ ಬಂದರು. ಆಗ ಲಿಲಿಗೆ ಹದಿನೇಳು ವರ್ಷ.

ತಾಯ್ನಾಡಿಗೆ ಮರಳಿದ ಮೇಲೆ ದೊಡ್ಡ ಮೈದಾನಗಳ ಬಾಗಿಲು ಮುಚ್ಚಿಯೇ ಇದ್ದವು. ಇನ್ನು ಉಳಿದುದು ಊರ ಉದ್ಯಾನಗಳ ಬಯಲು, ಹೊಲದ ಬೀಳು, ಹಳ್ಳಿಯ ಹುಲ್ಲುಗಾವಲು. ಐವತ್ತು ಸಾವಿರ ಜನರ ಎದುರು ಆಡಿದವರು ಈಗ ಕೆಲವು ನೂರು, ಕೆಲವು ಸಾವಿರ ಜನರ ಎದುರು ಆಡಿದರು. ಕೆಲವು ವರ್ಷಗಳ ತರುವಾಯ ಕಾರಖಾನೆಯ ಹೊಸ ಒಡೆಯರಿಗೂ ತಂಡದ ಮೇಲೆ ಮಮತೆ ಉಳಿಯಲಿಲ್ಲ. ಫ್ರ್ಯಾಂಕ್‌ಲಂಡನು ಅಲ್ಲಿಂದ ಹೊರಬಿದ್ದು, ತಂಡಕ್ಕೆ ಪ್ರೆಸ್ಟನ್ ಲೇಡೀಸ್ ಎಂಬ ಹೆಸರು ಕೊಟ್ಟು ನಡೆಸಿದನು. ಲಿಲಿ ಈ ಎಲ್ಲ ಏರಿಳಿತಗಳಲ್ಲಿ ತನ್ನ ಎಡಗಡೆಯ ಅಂಚನ್ನು ಬಿಟ್ಟು ಕದಲಲಿಲ್ಲ. ಹದಿನಾರನೆಯ ವರ್ಷದಲ್ಲಿ ಕೀರ್ತಿಯ ಶಿಖರವನ್ನು ಕಂಡು, ಮುಂದಿನ ಮೂವತ್ತು ವರ್ಷ ಕೀರ್ತಿಯಿಲ್ಲದೆ ಅದೇ ಕೆಲಸವನ್ನು ಅದೇ ಉತ್ಸಾಹದಿಂದ ಮಾಡಿದುದು ನಮ್ಮ ಎಣಿಕೆಯಲ್ಲಿ ಅವಳ ಗೋಲುಗಳಿಗಿಂತಲೂ ದೊಡ್ಡದು. ನೋಡುವವರು ಇಲ್ಲದಾಗಲೂ ಚೆನ್ನಾಗಿ ಮಾಡುವವರೇ ಆ ಕೆಲಸವನ್ನು ನಿಜವಾಗಿ ಪ್ರೀತಿಸುವವರು.

ಹೊಟ್ಟೆಪಾಡಿಗಾಗಿ ಆಕೆ ಪ್ರೆಸ್ಟನ್ನಿನ ಸಮೀಪದ ವಿಟಿಂಗ್‌ಹ್ಯಾಮ್ ಎಂಬಲ್ಲಿಯ ಮಾನಸಿಕ ರೋಗಿಗಳ ದೊಡ್ಡ ಆಸ್ಪತ್ರೆಯಲ್ಲಿ ದಾದಿಯ ಶಿಕ್ಷಣ ಪಡೆದು, ನಿವೃತ್ತಳಾಗುವ ತನಕ ಅಲ್ಲಿಯೇ ಸೇವೆ ಮಾಡಿದಳು. ತಂಡದ ಇನ್ನೂ ಕೆಲವರು ಅಲ್ಲಿ ದಾದಿಯರಾಗಿದ್ದರು. ನಮ್ಮ ಶಾಲೆಯಿಂದ ಕಲಿತುಹೋದ ಎಷ್ಟೋ ಜನ ಹೆಣ್ಣುಮಕ್ಕಳು ದಾದಿಯರಾಗಿ ದುಡಿಯುತ್ತಿರುವುದರಿಂದ, ರಾತ್ರಿಪಾಳಿ ಮುಗಿಸಿ ಬಂದ ಮೈಯ ಆಯಾಸವೇನೆಂಬುದನ್ನು ಅವರಿಗೆ ಹೇಳಬೇಕಾಗಿಲ್ಲ. ಅಂಥ ದುಡಿಮೆಯ ನಡುವೆ ಈಕೆ ವಾರದ ಕೊನೆಗೆ ಪಂದ್ಯಕ್ಕೆ ಹೊರಡುತ್ತಿದ್ದಳು. ಆಸ್ಪತ್ರೆಯಲ್ಲಿಯೇ ಪರಿಚಯವಾದ ಮೇರಿ ಎಂಬವಳು ಆಕೆಗೆ ಬಾಳಸಂಗಾತಿಯಾದಳು. ಇಬ್ಬರೂ ಕೂಡಿ ಗೂಸ್ನಾ ಎಂಬ ಹಳ್ಳಿಯಲ್ಲಿ ಸ್ವಂತ ಮನೆ ಮಾಡಿಕೊಂಡು ಕಡೆಯವರೆಗೆ ಒಂದಾಗಿ ಬಾಳಿದರು. ಬಾಡಿಗೆಯ ಮನೆಯಲ್ಲಿ ಹುಟ್ಟಿದ ಕೂಲಿಕಾರನ ಮಗಳು ತನ್ನ ದುಡಿಮೆಯಿಂದ ಮನೆಯೊಡತಿಯಾದಳು.

ಎರಡನೆಯ ಮಹಾಯುದ್ಧವು ಮುಗಿದ ಬಳಿಕ, ೧೯೪೬ರಲ್ಲಿ, ಆಕೆಯನ್ನು ತಂಡದ ನಾಯಕಿಯನ್ನಾಗಿ ಮಾಡಿದರು. ೧೯೫೧ರಲ್ಲಿ ನಾಲ್ವತ್ತಾರರ ವಯಸ್ಸಿನಲ್ಲಿ ಆಕೆ ಆಟಕ್ಕೆ ಕೈಮುಗಿದಳು. ಅಷ್ಟರಲ್ಲಿ ಆಕೆಯ ಗೋಲುಗಳ ಸಂಖ್ಯೆ ೯೦೦ನ್ನು ದಾಟಿದ್ದಿತು. ಸುಮಾರು ೯೮೦ ಎಂಬುದು ರೂಢಿಯ ಲೆಕ್ಕ. ಆಕೆಯನ್ನು ಬೆಳೆಸಿದ ತಂಡವು ೧೯೬೫ರವರೆಗೆ ಬದುಕಿತು. ಫುಟ್‌ಬಾಲ್ ಸಂಘದವರು ಹಾಕಿದ ನಿರ್ಬಂಧವು ತೆಗೆಯಲ್ಪಟ್ಟುದು ೧೯೭೦ರ ದಶಕದ ಆರಂಭದಲ್ಲಿ, ಸುಮಾರು ಐವತ್ತು ವರ್ಷಗಳ ತರುವಾಯ. ಆಗ ಲಿಲಿಗೆ ಅರವತ್ತೈದು ದಾಟಿದ್ದವು. ಯಾವ ಬಾಗಿಲಿನ ಹೊರಗೆ ಆಕೆ ತನ್ನ ತಾರುಣ್ಯವನ್ನೆಲ್ಲ ಕಳೆದಳೋ ಆ ಬಾಗಿಲು ತೆರೆಯಿತು. ಒಳಗೆ ಹೋಗುವ ಕಾಲ ಆಕೆಗೆ ಮುಗಿದುಹೋಗಿದ್ದಿತು.

ಚರಿತ್ರೆ ಬರೆಯುವವರು ಗುಣಗಳನ್ನಷ್ಟೇ ಹೇಳಿ ಕುಂದುಗಳನ್ನು ಮುಚ್ಚಿಡುವುದು ಸರಿಯಲ್ಲ. ಲಿಲಿಯ ಮಾತು ಒರಟು, ನಾಲಿಗೆಗೆ ಅಂಜಿಕೆಯೆಂಬುದಿರಲಿಲ್ಲ. ಸಿಗರೇಟು ಸೇದುವ ಚಟವೂ ಬಹಳವಾಗಿದ್ದಿತು. ನಮ್ಮ ಹುಡುಗಿಯರು ಆಕೆಯ ಓಟವನ್ನು ಕಲಿತು ಈ ಚಟವನ್ನು ಅಲ್ಲಿಯೇ ಬಿಟ್ಟುಬರಬೇಕೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ಒಡನಾಡಿಗಳನ್ನು ನಗಿಸುವುದರಲ್ಲಿ ಆಕೆ ಮುಂದು, ಕೆಲಸದಲ್ಲಿ ನಿಷ್ಠೆಯುಳ್ಳವಳು.

೧೯೬೭ರಲ್ಲಿ ಆಕೆಗೆ ಸ್ತನದ ಅರ್ಬುದ ರೋಗಕ್ಕಾಗಿ ಶಸ್ತ್ರಚಿಕಿತ್ಸೆಯಾಯಿತು. ಆ ಮೇಲೆಯೂ ಹತ್ತು ವರ್ಷ ಧೈರ್ಯದಿಂದ ಬದುಕಿ, ೧೯೭೮ನೆಯ ಮೇ ೨೪ನೆಯ ತಾರೀಖಿಗೆ, ಎಪ್ಪತ್ತಮೂರರ ವಯಸ್ಸಿನಲ್ಲಿ, ಗೂಸ್ನಾದ ತನ್ನ ಮನೆಯಲ್ಲಿ ಪ್ರಾಣಬಿಟ್ಟಳು. ಹುಟ್ಟೂರಾದ ಸೇಂಟ್ ಹೆಲೆನ್ಸ್‌ನಲ್ಲಿ ಆಕೆಯನ್ನು ಮಣ್ಣು ಮಾಡಿದರು. ೨೦೦೨ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ವಸ್ತುಸಂಗ್ರಹಾಲಯದವರು ಮಹಾ ಆಟಗಾರರ ಗೌರವದ ಪಟ್ಟಿಯನ್ನು ಮೊದಲು ಮಾಡಿದಾಗ, ಅದರಲ್ಲಿ ಸೇರಿದ ಏಕಮಾತ್ರ ಸ್ತ್ರೀ ಲಿಲಿ ಪಾರ್. ೨೦೧೯ರಲ್ಲಿ ಮ್ಯಾಂಚೆಸ್ಟರಿನ ಆ ವಸ್ತುಸಂಗ್ರಹಾಲಯದಲ್ಲಿ ಆಕೆಯ ಕಂಚಿನ ಪ್ರತಿಮೆಯನ್ನು ನಿಲ್ಲಿಸಲಾಯಿತು. ಮಾನವು ತಡವಾಗಿ ಬಂದರೂ ಬಂದಿತು; ಆದರೆ ಅದನ್ನು ನೋಡಲು ಆಕೆ ಇರಲಿಲ್ಲ.

ಇನ್ನು ನಮ್ಮ ನಾಡಿನ ಮಾತು. ಕರ್ನಾಟಕಕ್ಕೆ ಈ ಆಟ ಹೊಸದಲ್ಲ. ೧೯೪೮ರ ಲಂಡನ್ ಒಲಿಂಪಿಕ್ ಕ್ರೀಡೆಗಳಲ್ಲಿ ಭಾರತದ ತಂಡದ ಬಹುಮಂದಿ ಬರಿಗಾಲಿನಲ್ಲಿ ಆಡಿ ಜಗತ್ತನ್ನು ಬೆರಗುಗೊಳಿಸಿದಾಗ, ಬೆಂಗಳೂರಿನ ಅಹಮದ್ ಖಾನರು ಅವರಲ್ಲಿ ಒಬ್ಬರಾಗಿದ್ದರು. ಆದರೆ ಹೆಣ್ಣುಮಕ್ಕಳಿಗಾಗಿ ಭಾರತದಲ್ಲಿ ಒಂದು ಒಕ್ಕೂಟವು ಏರ್ಪಟ್ಟುದು ೧೯೭೫ರಲ್ಲಿ. ಅಲ್ಲಿಂದ ಹತ್ತು ವರ್ಷ ತುಂಬುವುದರೊಳಗೆ ನಮ್ಮ ದೇಶದ ಸ್ತ್ರೀಯರು ಏಶಿಯಾ ಖಂಡದ ಪಂದ್ಯಾವಳಿಯಲ್ಲಿ ಎರಡು ಸಲ ಎರಡನೆಯ ಸ್ಥಾನವನ್ನು ಗಳಿಸಿದರು. ಬಾಗಿಲು ತೆರೆದರೆ ಹೆಣ್ಣುಮಕ್ಕಳು ಎಷ್ಟು ಬೇಗ ಮುಂದೆ ಬರುವರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವೇಕೆ?

ಲಚ್ಯಾಣ ಮತ್ತು ಸುತ್ತಲಿನ ಹಳ್ಳಿಗಳಿಂದ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲೂಕುಗಳಿಂದ ನಮ್ಮಲ್ಲಿಗೆ ಬರುವ ಹುಡುಗಿಯರು ಐದನೆಯ, ಆರನೆಯ ಇಯತ್ತೆಗಳಲ್ಲಿ ಜಿಂಕೆಗಳಂತೆ ಓಡುತ್ತಾರೆ. ಜೋಳದ ಹೊಲಗಳಲ್ಲಿ ಬೆಳೆದ ಕಾಲುಗಳವು. ಆದರೆ ಎಂಟನೆಯ, ಒಂಬತ್ತನೆಯ ಇಯತ್ತೆಗೆ ಬರುತ್ತಲೇ ಆಟದ ತಾಸಿನಲ್ಲಿ ಅಂಗಳವು ಬರಿದಾಗತೊಡಗುತ್ತದೆ. ಮಗಳನ್ನು ಆಟಕ್ಕೆ ಬಿಡಬೇಡಿರೆಂದು ಮನೆಗಳಿಂದ ಚೀಟಿಗಳು ಬರುತ್ತವೆ. ದೊಡ್ಡವಳಾದಳು, ನೆರೆಹೊರೆಯವರು ಆಡಿಕೊಳ್ಳುವರು, ಬಿಸಿಲಿಗೆ ಬಣ್ಣ ಕೆಡುವುದು, ಇನ್ನೇನು ಗಂಡಿನವರು ನೋಡಲು ಬರುವರು ಎಂಬಿವೇ ಕಾರಣಗಳು. ಇವನ್ನು ಬರೆದವರಾರೂ ಮಗಳಿಗೆ ಕೇಡು ಬಯಸುವವರಲ್ಲವೆಂದು ನಾವು ಬಲ್ಲೆವು. ೧೯೨೧ರಲ್ಲಿ ನಿರ್ಣಯ ಮಾಡಿದ ಆ ಸಂಘದವರೂ ತಾವು ಸ್ತ್ರೀಯರ ಹಿತವನ್ನೇ ಮಾಡುತ್ತಿದ್ದೇವೆಂದು ಎಣಿಸಿದ್ದಿರಬಹುದು.

ಆ ವಯಸ್ಸೇ, ಹದಿನಾಲ್ಕರ ಆ ವಯಸ್ಸೇ, ಲಿಲಿಯ ಬಾಳು ಅರಳಿದ ವಯಸ್ಸು. ಹೆಣ್ಣಿನ ಶರೀರಕ್ಕೆ ಆಟವು ಕೇಡೆಂದವರಿಗೆ ಆಕೆ ವಾದ ಮಾಡಿ ಉತ್ತರ ಕೊಡಲಿಲ್ಲ. ಮೂವತ್ತು ವರ್ಷ ಆಡಿದಳು, ಅದಕ್ಕಿಂತಲೂ ಹೆಚ್ಚು ಕಾಲ ರೋಗಿಗಳನ್ನು ಎತ್ತಿ ಮಲಗಿಸುವ ಸೇವೆ ಮಾಡಿದಳು. ಒದೆಯಲು ಕಲಿತ ಕಾಲೇ ರೋಗಿಗಳ ವಾರ್ಡುಗಳಲ್ಲಿ ದಣಿಯದೆ ನಡೆಯಿತು. ನಮ್ಮ ಹುಡುಗಿಯರೆಲ್ಲ ಲಿಲಿ ಪಾರ್ ಆಗಬೇಕೆಂದು ನಾವು ಹೇಳುವುದಿಲ್ಲ. ಆದರೆ ಬಿದ್ದು ಎದ್ದು ಓಡುವುದನ್ನು, ಒಡನಾಡಿಗೆ ಚೆಂಡನ್ನು ಬಿಟ್ಟುಕೊಡುವುದನ್ನು, ಸೋತು ನಗುವುದನ್ನು, ಜನರ ಕಣ್ಣಿಗೆ ಅಂಜದೆ ನಿಲ್ಲುವುದನ್ನು ಅಂಗಳದಲ್ಲಿ ಕಲಿಯುವಷ್ಟು ಚೆನ್ನಾಗಿ ಬೇರೆಲ್ಲಿ ಕಲಿಸಬಹುದೆಂದು ನಮಗೆ ತೋರುವುದಿಲ್ಲ. ಮುಂದೆ ಅತ್ತೆಯ ಮನೆಯಲ್ಲಿರಲಿ, ಆಸ್ಪತ್ರೆಯಲ್ಲಿರಲಿ, ಕಚೇರಿಯಲ್ಲಿರಲಿ ಈ ಪಾಠವು ಅವರ ಕೈಬಿಡದು.

ಆದಕಾರಣ ತಾಯಿತಂದೆಗಳಲ್ಲಿ ನಮ್ಮ ಬಿನ್ನಹವಿಷ್ಟೇ. ಸಂಜೆಯ ಆಟದ ತಾಸಿಗೆ ಮಗಳನ್ನು ಬಿಡಿರಿ. ಒಂದು ಜೊತೆ ಕ್ಯಾನ್ವಾಸ್ ಬೂಟುಗಳನ್ನು ಕೊಡಿಸಿರಿ. ಅದು ಆಗದವರು ಸಂಕೋಚಪಡದೆ ನಮಗೆ ತಿಳಿಸಿರಿ. ಆಟ ನಡೆಯುವಾಗ ಶಿಕ್ಷಕಿಯರು ಅಂಗಳದಲ್ಲಿಯೇ ಇರುವರು. ದೂರದ ಹಳ್ಳಿಯವರು ಗಾಡಿ ತಪ್ಪದಂತೆ ಹೊರಡುವ ವ್ಯವಸ್ಥೆಯನ್ನು ನಾವು ಮಾಡುವೆವು. ಹಳೆಯ ವಿದ್ಯಾರ್ಥಿನಿಯರಲ್ಲಿ ಇನ್ನೊಂದು ಮಾತು. ನಿಮ್ಮಲ್ಲಿ ಎಷ್ಟೋ ಜನರು ಈಗ ತಾಯಂದಿರು. ನಿಮ್ಮ ಕಾಲದಲ್ಲಿ ಈ ಅಂಗಳದಲ್ಲಿ ನೀವು ಬಿಟ್ಟುಹೋದ ಆಟವಿದೆ. ನಿಮ್ಮ ಮಗಳಿಗೆ ಹದಿನಾಲ್ಕು ತುಂಬಿದ ದಿವಸ ಆಕೆಯ ಕೈಗೆ ಚೀಟಿಯನ್ನು ಕೊಟ್ಟು ಕಳುಹಿಸಬೇಡಿರಿ. ಚೆಂಡನ್ನು ಕೊಟ್ಟು ಕಳುಹಿಸಿರಿ.